ಕಾಳಿನ ಗಾತ್ರ, ಮಳೆಯ ಗಡುವು

ಕಾಫಿ ಕಾಳು ದೊಡ್ಡದೋ ಚಿಕ್ಕದೋ ಎಂಬುದನ್ನು ಕ್ಯೂರಿಂಗ್ ಕಾರ್ಖಾನೆಯ ಜರಡಿ ಹೇಳುತ್ತದೆ; ದರ್ಜೆಯೂ ಬೆಲೆಯೂ ಬಹುಮಟ್ಟಿಗೆ ಅದನ್ನೇ ಅವಲಂಬಿಸಿವೆ. ಆದರೆ ಆ ತೀರ್ಪು ತಿಂಗಳುಗಳ ಮೊದಲೇ ಕೊಡಗಿನ ತೋಟಗಳಲ್ಲಿ, ಕಣ್ಣಿಗೆ ಕಾಣದ ಜೀವಕೋಶಗಳೊಳಗೆ ಬರೆಯಲ್ಪಟ್ಟಿರುತ್ತದೆ.

ಎಷ್ಟು ಬೆಳೆದರೆ ಸಾಕೆಂದು ಕೋಶಕ್ಕೆ ತಿಳಿಯುವುದು ಹೇಗೆ? ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಬ್ರಿಟನ್ನಿನ ಜಾನ್ ಇನ್ಸ್ ಸೆಂಟರ್‌ನ ವಿಜ್ಞಾನಿಗಳು 2021ರಲ್ಲಿ ಇದಕ್ಕೊಂದು ಉತ್ತರ ಕಂಡರು. ಕೋಶ ವಿಭಜನೆಗೆ ತಡೆಯೊಡ್ಡುವ ಕೆಆರ್‌ಪಿ4 ಎಂಬ ಪ್ರೋಟೀನು ಡಿಎನ್‌ಎಗೆ ಅಂಟಿಕೊಂಡು ಎರಡೂ ಮರಿಕೋಶಗಳಿಗೆ ಸಮಪಾಲಾಗಿ ಸೇರುತ್ತದೆ. ಚಿಕ್ಕ ಕೋಶದಲ್ಲಿ ಅದರ ಸಾಂದ್ರತೆ ಹೆಚ್ಚು. ಬೆಳೆದು ಅದನ್ನು ತೆಳುವಾಗಿಸಿಕೊಳ್ಳುವವರೆಗೆ ಆ ಕೋಶ ಕಾಯಲೇಬೇಕು. ಡಿಎನ್‌ಎಯೇ ಇಲ್ಲಿ ಅಳತೆಗೋಲು.

ನಮ್ಮ ತೋಟಗಳಲ್ಲೂ ಇದರ ಸುಳಿವಿದೆ. ರೊಬಸ್ಟಾದ ವರ್ಣತಂತುಗಳು 22, ಅರೇಬಿಕಾದವು 44. ಎಲೆಯ ಉಸಿರುರಂಧ್ರಗಳನ್ನು ಕಾಯುವ ಕೋಶಗಳು ಅರೇಬಿಕಾದಲ್ಲೇ ದೊಡ್ಡವು. ಆದರೂ ಅಗಲವಾದ ಎಲೆ ರೊಬಸ್ಟಾದ್ದು! ಕೋಶದ ಗಾತ್ರದಷ್ಟೇ ಕೋಶಗಳ ಸಂಖ್ಯೆಯೂ ಮುಖ್ಯವಲ್ಲವೇ?

ವಿಭಜನೆಯ ನಂತರದ ಹಿಗ್ಗುವಿಕೆ ನೀರಿನ ಕೆಲಸ. ಕೋಶದೊಳಗಿನ ರಸಕುಹರ ನೀರು ತುಂಬಿಕೊಂಡು ಭಿತ್ತಿಯನ್ನು ಒತ್ತುತ್ತದೆ. ಬೇಸಿಗೆಯಲ್ಲಿ ಕೆಲವೇ ಮಿಲಿಮೀಟರ್ ಉದ್ದದಲ್ಲಿ ನಿದ್ರಿಸುವ ಮೊಗ್ಗು, ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಉಬ್ಬಿ ಅರಳುತ್ತದೆ. ಮುಂದೆ ಕಾಯಿ ಹಿಗ್ಗುವ ಕೆಲವು ವಾರಗಳಲ್ಲಿ ಕಾಳಿನ ಕೋಣೆಯ ಅಳತೆ ನಿಗದಿಯಾಗುತ್ತದೆ. ಒಳಗಿನ ಹೊಟ್ಟು ಗಟ್ಟಿಯಾದ ಬಳಿಕ ಕಾಳು ಆ ಕೋಣೆಯನ್ನು ತುಂಬಬಹುದು, ಮೀರಲಾರದು. ಆಗ ಎಷ್ಟು ಮಳೆ ಸುರಿದರೂ ಕಳೆದ ಅವಕಾಶ ಮರಳದು.

ಆದ್ದರಿಂದಲೇ ಕೊಡಗಿನ ಮಳೆಯನ್ನು ವಾರ್ಷಿಕ ಸರಾಸರಿಯಿಂದ ಅಳೆಯುವ ರೂಢಿ ನನಗೆ ಅಪೂರ್ಣವೆನಿಸುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳನ್ನೇ ಕುಸಿಸಿದ ಮಳೆಯೂ ಲೆಕ್ಕದ ಪುಸ್ತಕದಲ್ಲಿ ಬರಿಯ ಮಿಲಿಮೀಟರ್‌ಗಳೇ. ಕೆರೆ, ಸ್ಪ್ರಿಂಕ್ಲರ್ ಉಳ್ಳವರು ಹೂಮಳೆಯ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಸಣ್ಣ ಬೆಳೆಗಾರ ಆಕಾಶ ನೋಡುತ್ತಾನೆ. ಬೆಳೆ ವಿಮೆಯಾಗಲಿ, ಕೆರೆ ನಿರ್ಮಾಣದ ನೆರವಾಗಲಿ, ಗಿಡದ ಪಂಚಾಂಗವನ್ನು ಅನುಸರಿಸಿ ವಾರಗಳ ಲೆಕ್ಕದಲ್ಲಿ ರೂಪುಗೊಳ್ಳಬೇಕು. ವರ್ಷದ ಕೊನೆಯಲ್ಲಿ ಬರುವ ಪರಿಹಾರ ಸಾಲವನ್ನು ತೀರಿಸಬಹುದು, ಕಾಳನ್ನು ಹಿಗ್ಗಿಸಲಾರದು.