ಗಾಡಿ ನಿಲ್ಲಿಸಿ ಅಂದಾಗ

ನಮ್ಮ ಸಂಘದಲ್ಲಿ ಒಬ್ಬ ಅಕ್ಕ ಇದ್ದಾರೆ. ಹೂವಿನ ವ್ಯಾಪಾರ ಅವರದು. ಬೆಳಗಿನ ಜಾವ ಎದ್ದು ತೋಟದಿಂದ ಹೂ ತರುತ್ತಾರೆ. ಏಳು ಗಂಟೆಗೆ ಪೇಟೆ ಸೇರಬೇಕು. ತಡವಾದರೆ ಹೂ ಬಾಡುತ್ತದೆ. ಬೆಲೆ ಬೀಳುತ್ತದೆ. ಅದಕ್ಕೇ ಸಂಘದಲ್ಲಿ ಸಾಲ ತೆಗೆದು ಒಂದು ಹಳೇ ಸ್ಕೂಟರ್ ಕೊಂಡರು. ಓಡಿಸೋದು ಕಲಿತರು. ಲೈಸೆನ್ಸ್ ಮಾಡಿಸಿಕೊಂಡರು.

ಹೀಗಿರುವಾಗ ಒಂದು ವಾರ ಅವರು ಗಾಡಿ ಮುಟ್ಟಲೇ ಇಲ್ಲ. ಬಸ್ಸಿನಲ್ಲಿ ಹೋದರು. ಹೂ ತಡವಾಗಿ ಪೇಟೆ ಸೇರಿತು. ಆ ವಾರ ಸಾಲದ ಕಂತು ಕಟ್ಟಲು ಆಗಲಿಲ್ಲ.

ಸಂಘದ ಸಭೆಯಲ್ಲಿ ನಾವು ಕೇಳಿದೆವು.

“ಯಾಕಕ್ಕ, ಗಾಡಿ ಕೆಟ್ಟಿದೆಯಾ?”

“ಗಾಡಿ ಚೆನ್ನಾಗೇ ಇದೆ ಕಣ್ರೇ. ನನ್ನ ಧೈರ್ಯ ಕೆಟ್ಟಿದೆ.”

ಹಿಂದಿನ ವಾರ ಪೇಟೆ ದಾರಿಯಲ್ಲಿ ಪೊಲೀಸಿನವರು ಅವರನ್ನು ನಿಲ್ಲಿಸಿದ್ದರು. ಅಕ್ಕನ ಕೈಕಾಲು ನಡುಗಿತು. ಏನು ಕೇಳಿದರೋ ಕಿವಿಗೇ ಬೀಳಲಿಲ್ಲ. ಸೊಂಟದ ಚೀಲದಲ್ಲಿ ಇದ್ದ 500 ರೂಪಾಯಿ ಕೊಟ್ಟು ಬಂದುಬಿಟ್ಟರು.

“ಯಾಕೆ ನಿಲ್ಲಿಸಿದರು?”

“ಹೆಲ್ಮೆಟ್ ಹಾಕಿರಲಿಲ್ಲ. ಬುಟ್ಟಿ ಮೇಲೆ ಇಟ್ಟಿದ್ದೆ.”

“ರಶೀದಿ ಕೊಟ್ಟರಾ?”

“ಇಲ್ಲ. ನಾನೂ ಕೇಳಲಿಲ್ಲ. ಓದೋಕೆ ಈಗ ಬರುತ್ತೆ. ಕೇಳೋಕೆ ಬಾಯಿ ಬರಲಿಲ್ಲ.”

ಆ ಮಾತು ನಮಗೆಲ್ಲ ನಾಟಿತು. ನಮ್ಮಲ್ಲಿ ಎಷ್ಟೋ ಜನ ಈಗ ಗಾಡಿ ಓಡಿಸುತ್ತೇವೆ. ಹಾಲಿನ ಡೈರಿಗೆ, ಗಾರ್ಮೆಂಟ್ಸ್ ಕೆಲಸಕ್ಕೆ, ಮಕ್ಕಳ ಶಾಲೆಗೆ ಹೋಗುತ್ತೇವೆ. ಕೆಲವರು ಆಟೋ ಓಡಿಸುತ್ತಾರೆ. ಆದರೆ ಕಾನೂನು ಏನು ಹೇಳುತ್ತದೆ ಅಂತ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಭಯ ಕೂರುತ್ತದೆ. ಅದಕ್ಕೇ ತಿಳಿದವರನ್ನು ಕೇಳಿ ನಾವು ಕಲಿತೆವು. ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ನಮ್ಮ ಜವಾಬ್ದಾರಿ

ಗಾಡಿಗಳಿಗೆ ಒಂದು ಕಾನೂನು ಇದೆ. ಅದರ ಹೆಸರು ಮೋಟಾರು ವಾಹನ ಕಾಯ್ದೆ, 1988. ಇದನ್ನು 2019ರಲ್ಲಿ ತಿದ್ದಿ ದಂಡ ಹೆಚ್ಚು ಮಾಡಿದರು. ಈ ಕಾನೂನು ಎಲ್ಲರಿಗೂ ಒಂದೇ. ಗಂಡಸಿಗೂ ಅದೇ, ಹೆಂಗಸಿಗೂ ಅದೇ.

ಗಾಡಿ ಓಡಿಸುವವರ ಹತ್ತಿರ ನಾಲ್ಕು ಕಾಗದ ಇರಬೇಕು.

ಒಂದು, ಲೈಸೆನ್ಸ್. ಇದು ನಮಗೆ ಓಡಿಸಲು ಬರುತ್ತದೆ ಅನ್ನುವುದಕ್ಕೆ ಸಾಕ್ಷಿ.

ಎರಡು, ಆರ್.ಸಿ. ಇದು ಗಾಡಿ ಯಾರದು ಅನ್ನುವುದಕ್ಕೆ ಸಾಕ್ಷಿ.

ಮೂರು, ಇನ್ಶೂರೆನ್ಸ್, ಅಂದರೆ ವಿಮೆ.

ನಾಲ್ಕು, ಎಮಿಷನ್ ಸರ್ಟಿಫಿಕೇಟ್. ಇದು ಹೊಗೆ ಪರೀಕ್ಷೆಯ ಚೀಟಿ. ಹೊಸ ಗಾಡಿಗೆ ಮೊದಲ ಒಂದು ವರ್ಷ ಇದು ಬೇಡ.

ವಿಮೆ ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. ನಮ್ಮ ಗಾಡಿ ಯಾರಿಗಾದರೂ ಬಡಿದರೆ ಅವರಿಗೆ ಪರಿಹಾರ ಕೊಡಬೇಕು. ವಿಮೆ ಇದ್ದರೆ ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ಗಾಡಿಯ ಒಡೆಯರೇ ಕೊಡಬೇಕು. ಮನೆ, ಹೊಲ ಮಾರುವ ಹೊತ್ತು ಬಂದೀತು. ವರ್ಷಕ್ಕೆ ಸ್ವಲ್ಪ ಹಣ ಉಳಿಸಲು ಹೋಗಿ ಬದುಕು ಕಳೆದುಕೊಳ್ಳುವುದು ಬೇಡ.

ಹೆಲ್ಮೆಟ್ ಇಬ್ಬರಿಗೂ ಬೇಕು. ಓಡಿಸುವವರಿಗೂ ಬೇಕು, ಹಿಂದೆ ಕೂತವರಿಗೂ ಬೇಕು. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಬೇಕು. ಎರಡು ಚಕ್ರದ ಗಾಡಿಯಲ್ಲಿ ಓಡಿಸುವವರ ಹಿಂದೆ ಒಬ್ಬರೇ ಕೂರಬೇಕು. ಹೆಲ್ಮೆಟ್ ಇರುವುದು ಪೊಲೀಸರಿಗಾಗಿ ಅಲ್ಲ. ನಮ್ಮ ತಲೆಗಾಗಿ.

ಇನ್ನೊಂದು ಮಾತು ತಾಯಂದಿರಿಗೆ. “ಅಮ್ಮಾ, ಅಂಗಡಿಗೆ ಹೋಗಿ ಬರ್ತೀನಿ, ಕೀ ಕೊಡು” ಅಂತ ಹದಿನೈದು ವರ್ಷದ ಮಗ ಕೇಳುತ್ತಾನೆ. ಕೊಡಬೇಡಿ. ವಯಸ್ಸಾಗದ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ತಂದೆ ತಾಯಿ ಅಥವಾ ಗಾಡಿಯ ಒಡೆಯರು ತಪ್ಪಿತಸ್ಥರು. 25,000 ರೂಪಾಯಿ ದಂಡ ಇದೆ. ಮೂರು ವರ್ಷದವರೆಗೆ ಜೈಲೂ ಆಗಬಹುದು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ.

ಕಾಗದ ಮೊಬೈಲಿನಲ್ಲಿ ಇದ್ದರೆ?

ಮಳೆಗೆ ಕಾಗದ ನೆನೆಯುತ್ತದೆ. ಕಳೆದು ಹೋಗುತ್ತದೆ. 2018ರಿಂದ ಇದಕ್ಕೆ ಒಂದು ದಾರಿ ಆಗಿದೆ. ಡಿಜಿಲಾಕರ್, ಎಂ-ಪರಿವಾಹನ್ ಅಂತ ಸರ್ಕಾರದ ಎರಡು ಆ್ಯಪ್ ಇವೆ. ಅದರಲ್ಲಿ ಇರುವ ಲೈಸೆನ್ಸ್, ಆರ್.ಸಿ. ತೋರಿಸಿದರೆ ಸಾಕು. ಅವು ಅಸಲಿ ಕಾಗದಕ್ಕೆ ಸಮ. ಆದರೆ ಕಾಗದದ ಫೋಟೊ ತೆಗೆದು ಇಟ್ಟುಕೊಂಡರೆ ಸಾಲದು. ಆ್ಯಪಿನಲ್ಲೇ ಇರಬೇಕು. ಮಕ್ಕಳ ಹತ್ತಿರ ಹಾಕಿಸಿಕೊಳ್ಳಿ. ತೆರೆಯುವುದನ್ನು ನೀವೂ ಕಲಿಯಿರಿ.

ನಿಲ್ಲಿಸಿದಾಗ ಏನು ಮಾಡಬೇಕು?

ಸಮವಸ್ತ್ರದಲ್ಲಿ ಇರುವ ಪೊಲೀಸರು ಕೈ ತೋರಿಸಿದರೆ ನಿಲ್ಲಿಸಬೇಕು. ಓಡಿ ಹೋಗಬಾರದು. ಗಾಬರಿಯಿಂದ ತಿರುಗಿಸಿದರೆ ಅಪಘಾತ ಆಗುತ್ತದೆ. ನಿಧಾನವಾಗಿ ರಸ್ತೆಯ ಎಡಕ್ಕೆ ಬನ್ನಿ. ಎಂಜಿನ್ ಆರಿಸಿ. ಕೀ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ.

ಆಮೇಲೆ ಶಾಂತವಾಗಿ ಕೇಳಿ: “ಯಾಕೆ ನಿಲ್ಲಿಸಿದ್ರಿ ಸಾರ್?”

ಹೀಗೆ ಕೇಳುವುದು ತಪ್ಪಲ್ಲ. ಜಗಳವೂ ಅಲ್ಲ. ಅದು ನಮ್ಮ ಹಕ್ಕು.

ಸಮವಸ್ತ್ರದ ಪೊಲೀಸರು ಲೈಸೆನ್ಸ್ ಕೇಳಿದರೆ ತೋರಿಸಬೇಕು. ಅವರ ಎದೆಯ ಮೇಲೆ ಹೆಸರಿನ ಪಟ್ಟಿ ಇರುತ್ತದೆ. ಅದನ್ನು ಓದಿ. ಓದಲು ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹೆಸರು, ಜಾಗ, ಹೊತ್ತು ನೆನಪಿನಲ್ಲಿ ಇಡಿ.

ಪೊಲೀಸರೂ ನಿಯಮ ಪಾಲಿಸಬೇಕು

2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಒಂದು ಘೋರ ನಡೆಯಿತು. ನಾಯಿ ಕಚ್ಚಿದ್ದ ಪುಟ್ಟ ಮಗಳನ್ನು ಅಪ್ಪ ಅಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಪೊಲೀಸರು ಬೈಕನ್ನು ತಡೆದರು. ಬೈಕ್ ಉರುಳಿತು. ಮಗು ರಸ್ತೆಗೆ ಬಿತ್ತು. ಹಿಂದಿನಿಂದ ಬಂದ ವಾಹನಕ್ಕೆ ಸಿಕ್ಕಿ ತೀರಿಕೊಂಡಿತು. ಆ ತಾಯಿಯ ಸಂಕಟ ಇಡೀ ನಾಡು ನೋಡಿತು. ಮೂವರು ಎ.ಎಸ್.ಐ.ಗಳನ್ನು ಅಮಾನತು ಮಾಡಿದರು.

ಇದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಎಲ್ಲ ಠಾಣೆಗಳಿಗೂ ಸೂಚನೆ ಕೊಟ್ಟರು. ಅದರಲ್ಲಿ ಇರುವ ಮಾತು ಇವು. ಕಣ್ಣಿಗೆ ಕಾಣುವ ತಪ್ಪು ಇಲ್ಲದೆ ಸುಮ್ಮನೆ ಗಾಡಿ ನಿಲ್ಲಿಸಬಾರದು. ಓಡುತ್ತಿರುವ ಗಾಡಿಗೆ ಹಠಾತ್ತನೆ ಅಡ್ಡ ಬರಬಾರದು. ಗಾಡಿಯ ಕೀ ಕಿತ್ತುಕೊಳ್ಳಬಾರದು. ನಿಲ್ಲಿಸದೆ ಹೋದವರನ್ನು ಅಟ್ಟಿಸಿಕೊಂಡು ಹೋಗಬಾರದು. ನಂಬರ್ ಬರೆದುಕೊಂಡು ಕ್ರಮ ತೆಗೆದುಕೊಳ್ಳಬೇಕು.

ಒಂದು ಮಗುವಿನ ಜೀವ ಹೋದ ಮೇಲೆ ಬಂದ ಸೂಚನೆ ಇದು. ಇದನ್ನು ಪೊಲೀಸರೂ ಮರೆಯಬಾರದು. ನಾವೂ ಮರೆಯಬಾರದು.

ದಂಡ ಯಾರಿಗೆ ಕಟ್ಟಬೇಕು?

ಕರ್ನಾಟಕದಲ್ಲಿ ಎ.ಎಸ್.ಐ. ಅಥವಾ ಅವರಿಗಿಂತ ಮೇಲಿನ ಅಧಿಕಾರಿ ಮಾತ್ರ ಸ್ಥಳದಲ್ಲೇ ದಂಡ ವಸೂಲಿ ಮಾಡಬಹುದು. ಎ.ಎಸ್.ಐ. ಅವರ ಹೆಗಲ ಮೇಲೆ ಒಂದು ನಕ್ಷತ್ರ ಇರುತ್ತದೆ. ಎಸ್.ಐ. ಅವರಿಗೆ ಎರಡು ನಕ್ಷತ್ರ. ಇನ್‌ಸ್ಪೆಕ್ಟರಿಗೆ ಮೂರು. ಪೇದೆಗಳು ಅವರಿಗೆ ಸಹಾಯ ಮಾಡುತ್ತಾರೆ, ಅಷ್ಟೆ.

ಹೆಲ್ಮೆಟ್ ಇಲ್ಲದಿದ್ದರೆ ನಮ್ಮ ರಾಜ್ಯದಲ್ಲಿ ದಂಡ 500 ರೂಪಾಯಿ. 2019ರಲ್ಲಿ ಕೇಂದ್ರ ಸರ್ಕಾರ 1,000 ಮಾಡಿತ್ತು. ರಾಜ್ಯ ಸರ್ಕಾರ ಅದೇ ವರ್ಷ ಇಳಿಸಿತು.

ಹಾಗಾದರೆ ನಮ್ಮ ಅಕ್ಕ ಕೊಟ್ಟ 500 ರೂಪಾಯಿ ಸರಿಯೇ ಅಲ್ಲವಾ? ಲೆಕ್ಕ ಸರಿ. ಆದರೆ ರಶೀದಿ ಇಲ್ಲ. ರಶೀದಿ ಇದ್ದರೆ ಹಣ ಸರ್ಕಾರಕ್ಕೆ ಸೇರಿತು ಅಂತ ಗೊತ್ತಾಗುತ್ತದೆ. ರಶೀದಿ ಇಲ್ಲದಿದ್ದರೆ ದಂಡ ಕಟ್ಟಿದ್ದಕ್ಕೆ ಸಾಕ್ಷಿಯೇ ಇಲ್ಲ. ಆದ್ದರಿಂದ ಕೇಳಿ: “ರಶೀದಿ ಕೊಡಿ ಸಾರ್, ದಂಡ ಕಟ್ತೀನಿ.”

ಕೈಯಲ್ಲಿ ಹಣ ಇಲ್ಲ ಅಂದರೂ ಹೆದರಬೇಡಿ. ಚಲನ್ ಹಾಕಿಸಿಕೊಂಡು ಆಮೇಲೆ ಪೊಲೀಸ್ ಠಾಣೆಯಲ್ಲಿ ಕಟ್ಟಬಹುದು. ಬೆಂಗಳೂರಿನಲ್ಲಿ ಬೆಂಗಳೂರು ಒನ್ ಕೇಂದ್ರದಲ್ಲೂ ಕಟ್ಟಬಹುದು. ನಾನು ತಪ್ಪೇ ಮಾಡಿಲ್ಲ ಅನ್ನುವವರು ದಂಡ ಒಪ್ಪಿಕೊಳ್ಳಬೇಕಾಗಿಲ್ಲ. ಕೋರ್ಟಿನಲ್ಲಿ ಹೇಳಿಕೊಳ್ಳಬಹುದು.

ರಶೀದಿ ಬೇಡ, ಅರ್ಧ ಕೊಡು ಅಂದರೆ ಅದು ಲಂಚ. ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದ ಒಳಗೆ ದೂರು ಕೊಡಿ. ಆಗ ನಿಮ್ಮ ಮೇಲೆ ತಪ್ಪು ಬರುವುದಿಲ್ಲ. ಲೋಕಾಯುಕ್ತ ಕಚೇರಿಯಲ್ಲಿ ದೂರು ಕೊಡಬಹುದು.

ಇತ್ತೀಚೆಗೆ ಇನ್ನೊಂದು ಮೋಸ ಬಂದಿದೆ. “ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಇದನ್ನು ಒತ್ತಿ” ಅಂತ ವಾಟ್ಸಾಪಿನಲ್ಲಿ ಬರುತ್ತದೆ. ಒತ್ತಬೇಡಿ. ಬ್ಯಾಂಕಿನ ಹಣ ಹೋಗುತ್ತದೆ. ಅನುಮಾನ ಬಂದರೆ ಠಾಣೆಗೆ ಹೋಗಿ ಗಾಡಿ ನಂಬರ್ ಕೊಟ್ಟು ಕೇಳಿ.

ಲೈಸೆನ್ಸ್ ಅಥವಾ ಗಾಡಿ ಇಟ್ಟುಕೊಂಡರೆ?

ಕೆಲವು ಸಂದರ್ಭದಲ್ಲಿ ಪೊಲೀಸರು ಲೈಸೆನ್ಸ್ ವಶಕ್ಕೆ ತೆಗೆದುಕೊಳ್ಳಬಹುದು. ಆದರೆ ಅದಕ್ಕೆ ಒಂದು ಸ್ವೀಕೃತಿ ಚೀಟಿ ಕೊಡಲೇಬೇಕು. ಲೈಸೆನ್ಸ್ ವಾಪಸ್ ಬರುವ ತನಕ, ಅದರಲ್ಲಿ ಬರೆದ ದಿನದವರೆಗೆ, ಆ ಚೀಟಿ ಇಟ್ಟುಕೊಂಡು ಗಾಡಿ ಓಡಿಸಬಹುದು.

ಲೈಸೆನ್ಸ್ ಇಲ್ಲದೆ ಓಡಿಸಿದರೆ, ನೋಂದಣಿ ಆಗದ ಗಾಡಿ ಓಡಿಸಿದರೆ, ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದರೆ ಗಾಡಿಯನ್ನೇ ಇಟ್ಟುಕೊಳ್ಳಬಹುದು. ಆಟೋ ಓಡಿಸುವ ತಂಗಿಯರು ಪರ್ಮಿಟ್ಟಿನ ತಾರೀಕು ನೋಡಿಕೊಳ್ಳಿ. ಗಾಡಿ ನಿಂತರೆ ಆ ದಿನದ ಕೂಲಿ ನಿಂತ ಹಾಗೆ.

ಹೆಣ್ಣುಮಕ್ಕಳಿಗೆ ವಿಶೇಷ ರಕ್ಷಣೆ

“ಸ್ಟೇಷನ್ನಿಗೆ ನಡಿ” ಅಂದರೆ ನಮ್ಮ ಜೀವ ಹಾರಿ ಹೋಗುತ್ತದೆ. ಆದರೆ ಕಾನೂನು ನಮ್ಮ ಬೆನ್ನಿಗಿದೆ.

ಹೆಂಗಸಿನ ಮೈ ಶೋಧನೆಯನ್ನು ಹೆಂಗಸೇ ಮಾಡಬೇಕು. ಅದೂ ಮರ್ಯಾದೆಗೆ ಕುಂದು ಬಾರದ ಹಾಗೆ.

ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು ಹೆಂಗಸನ್ನು ಬಂಧಿಸುವಂತಿಲ್ಲ. ತೀರಾ ವಿಶೇಷ ಕಾರಣ ಇದ್ದರೆ ಮಹಿಳಾ ಪೊಲೀಸ್ ಅಧಿಕಾರಿಯೇ ಬಂಧಿಸಬೇಕು. ಅದಕ್ಕೂ ಮೊದಲು ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಈ ನಿಯಮ ಇದೆ.

ಯಾರನ್ನೇ ಬಂಧಿಸಿದರೂ ಕಾರಣ ಹೇಳಬೇಕು. 24 ಗಂಟೆಯ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. ಇದು ನಮ್ಮ ಸಂವಿಧಾನವೇ ಕೊಟ್ಟ ಹಕ್ಕು.

ವಕೀಲರಿಗೆ ಕೊಡಲು ದುಡ್ಡಿಲ್ಲವೆ? ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಇದೆ. ಇದಕ್ಕೆ ಆದಾಯದ ಮಿತಿ ಇಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಅಲ್ಲಿ ಕೇಳಿ. ಫೋನ್ ನಂಬರ್ 15100. ತುರ್ತು ಸಹಾಯಕ್ಕೆ 112.

ಅಕ್ಕ ಮತ್ತೆ ಹೊರಟರು

ಇಷ್ಟು ಕಲಿತ ಮೇಲೆ ಅಕ್ಕ ಮತ್ತೆ ಸ್ಕೂಟರ್ ತೆಗೆದರು. ಈ ಸಲ ಹೆಲ್ಮೆಟ್ ತಲೆ ಮೇಲೆ ಇತ್ತು. ಬುಟ್ಟಿಯಲ್ಲಿ ಹೂ ಇತ್ತು. ಒಂದು ತಿಂಗಳಾದ ಮೇಲೆ ಅದೇ ದಾರಿಯಲ್ಲಿ ಮತ್ತೆ ಕೈ ತೋರಿಸಿದರು.

ಅಕ್ಕ ಎಡಕ್ಕೆ ಬಂದು ನಿಲ್ಲಿಸಿದರು. “ಯಾಕೆ ಸಾರ್?” ಅಂದರು.

“ಹಿಂದಿನ ಲೈಟು ಒಡೆದಿದೆ ನೋಡಮ್ಮ. ಕತ್ತಲಲ್ಲಿ ಯಾರಾದ್ರೂ ಗುದ್ದಿಯಾರು. ರಿಪೇರಿ ಮಾಡಿಸು.”

“ಇವತ್ತೇ ಮಾಡಿಸ್ತೀನಿ ಸಾರ್.”

ಅಷ್ಟೆ. ಎರಡು ನಿಮಿಷ ಹಿಡಿಯಿತು. ಏಳು ಗಂಟೆಗೆ ಹೂ ಪೇಟೆ ಸೇರಿತು.

ಪೊಲೀಸರಲ್ಲಿ ಒಳ್ಳೆಯವರೂ ಇದ್ದಾರೆ. ಬಿಸಿಲು, ಹೊಗೆಯಲ್ಲಿ ನಿಂತು ನಮ್ಮ ಜೀವ ಕಾಯುವವರು ಇದ್ದಾರೆ. ಅವರಿಗೆ ಮರ್ಯಾದೆ ಕೊಡೋಣ. ನಮ್ಮ ಮರ್ಯಾದೆಯನ್ನೂ ಬಿಡದಿರೋಣ.

ನೆನಪಿಡಿ

ಹೆಲ್ಮೆಟ್ ತಲೆ ಮೇಲಿರಲಿ.
ನಾಲ್ಕು ಕಾಗದ ಜೊತೆಗಿರಲಿ.
ನಿಲ್ಲಿಸಿದರೆ ನಿಲ್ಲಿ. ಕಾರಣ ಕೇಳಿ.
ದಂಡ ಕಟ್ಟಿದರೆ ರಶೀದಿ ಪಡೆಯಿರಿ. ಓದಿ ನೋಡಿ.
ಕಾನೂನು ನೆರವಿಗೆ 15100.

ಮಾತಾಡೋಣ

1. ನಿಮ್ಮನ್ನು ಯಾವಾಗಲಾದರೂ ಪೊಲೀಸರು ನಿಲ್ಲಿಸಿದ್ದಾರಾ? ಆಗ ನೀವು ಏನು ಮಾಡಿದಿರಿ?
2. ನಿಮ್ಮ ಮನೆಯ ಗಾಡಿಯ ವಿಮೆ ಯಾವ ತಾರೀಕಿಗೆ ಮುಗಿಯುತ್ತದೆ? ಇವತ್ತು ಕಾಗದ ತೆಗೆದು ಓದಿ. ಆ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ.