ಹಸಿದಾಗ ಉಣ್ಣು ಎಂಬ ಮಾತು ಎಲ್ಲರಿಗೂ ಅಲ್ಲ

ಹಸಿವಾದಾಗ ಮಾತ್ರ ಉಣ್ಣಬೇಕು, ಇನ್ನೊಂದು ತುತ್ತು ಬೇಕು ಅನ್ನಿಸುವಾಗಲೇ ಕೈ ತೊಳೆಯಬೇಕು. ಇದನ್ನು ಹಿರಿಯರ ಬಾಯಲ್ಲಿ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆರೋಗ್ಯವಾಗಿರುವವರಿಗೆ ಒಳ್ಳೆಯ ಮಾತೇ. ಆದರೆ ತಿಂಗಳುಗಟ್ಟಲೆ ಊಟ ಬಿಟ್ಟು ಸೊರಗಿದವರಿಗೆ, ಅಥವಾ ಹಗಲೆಲ್ಲ ಬಿಟ್ಟು ರಾತ್ರಿ ಒಮ್ಮೆಲೇ ತಿಂದು ತಮ್ಮನ್ನೇ ಶಪಿಸಿಕೊಳ್ಳುತ್ತಿದ್ದವರಿಗೆ, ಅದರಿಂದ ಹೊರಬರುವ ದಿನಗಳಲ್ಲಿ ಇದೇ ಮಾತು ಮತ್ತೆ ಊಟ ಬಿಡಲು ನೆಪವಾಗುತ್ತದೆ. "ಹಸಿವೇ ಇಲ್ಲಮ್ಮಾ, ಹಸಿವಾದಾಗ ನಾನೇ ಹಾಕ್ಕೊಂಡು ತಿಂತೀನಿ ಬಿಡು" ಅಂದರೆ ಅಮ್ಮ ಏನು ಹೇಳಿಯಾಳು? ಅವಳೇ ಕಲಿಸಿದ ಪಾಠ ಅದು.

ಮಗಳು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡರೆ ಅದೂ ತಪ್ಪೇ. ಎಷ್ಟೋ ಸಲ ಅವಳಿಗೆ ನಿಜವಾಗಿ ಹಸಿವು ಗೊತ್ತಾಗುತ್ತಿರುವುದಿಲ್ಲ. ಹಾಗೆಂದು ದೇಹಕ್ಕೆ ಅನ್ನ ಬೇಡವಾಗಿದೆ ಎಂದಲ್ಲ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಎಂಬ ಹಾರ್ಮೋನನ್ನು ಗುರುತಿಸಿದರು. ಮುಖ್ಯವಾಗಿ ಜಠರದಲ್ಲಿ ಹುಟ್ಟಿ, ಊಟದ ಹೊತ್ತಿಗೆ ರಕ್ತದಲ್ಲಿ ಏರಿ, ಮಿದುಳಿಗೆ ಹಸಿವಿನ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಊಟ ಬಿಟ್ಟು ಬಿಟ್ಟು ಕೃಶರಾದ ಅನೊರೆಕ್ಸಿಯಾ ರೋಗಿಗಳಲ್ಲಿ ಇದು ತೀರಾ ಕಡಿಮೆ ಇರಬಹುದು ಎಂದು ಯಾರಾದರೂ ಊಹಿಸಿಯಾರು. ಪರೀಕ್ಷೆ ಮಾಡಿದಾಗ ಸಾಮಾನ್ಯವಾಗಿ ಕಂಡದ್ದು ತದ್ವಿರುದ್ಧ: ಅದು ಹೆಚ್ಚೇ ಇರುತ್ತದೆ. ಕೊಬ್ಬಿನ ದಾಸ್ತಾನು ಸಾಕಷ್ಟಿದೆ ಎಂದು ತಿಳಿಸುವ ಲೆಪ್ಟಿನ್ ಕುಸಿದಿರುತ್ತದೆ. ಅಂದರೆ ಬಾಗಿಲ ಗಂಟೆ ಬಡಿಯುತ್ತಲೇ ಇದೆ, ಒಳಗಿದ್ದವರಿಗೆ ಕೇಳಿಸುತ್ತಿಲ್ಲ. ಒಳಗಿನ ಸೂಚನೆಗಳನ್ನು ಮಿದುಳು ಗ್ರಹಿಸುವ ಬಗೆ ಬದಲಾಗಿರುತ್ತದೆ. ಜೊತೆಗೆ ತಿನ್ನುವ ಭಯ, ದಪ್ಪಗಾಗುವ ಆತಂಕ ಎಲ್ಲ ಸೇರಿ ಸಣ್ಣ ಸೂಚನೆಗಳನ್ನು ಮುಳುಗಿಸಿಬಿಡುತ್ತವೆ.

ಆದ್ದರಿಂದ ಹಸಿವು ಬರಲಿ, ಆಮೇಲೆ ಉಣ್ಣೋಣ ಎಂದು ಕಾಯುವುದು ಇಲ್ಲಿ ನಡೆಯುವುದಿಲ್ಲ. ಉಣ್ಣುತ್ತಾ ಹೋದರೇ ಹಸಿವು ತನ್ನ ಹೊತ್ತಿಗೆ ಬರುವುದನ್ನು ಮತ್ತೆ ಕಲಿಯುತ್ತದೆ. ತಿನ್ನುವ ಕಾಯಿಲೆಗಳಿಗೆ ಇಂದು ಹೆಚ್ಚು ಬಳಕೆಯಲ್ಲಿರುವ ಮಾತಿನ ಚಿಕಿತ್ಸೆಯೊಂದನ್ನು ರೂಪಿಸಿದ ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಕೂಡ ಮೊದಲು ಹಿಡಿದದ್ದು ಇದನ್ನೇ. ದಿನಕ್ಕೆ ಮೂರು ಊಟ, ನಡುವೆ ಎರಡೋ ಮೂರೋ ಸಲ ತಿಂಡಿ, ಎಚ್ಚರವಿರುವ ಹೊತ್ತಿನಲ್ಲಿ ನಾಲ್ಕು ಗಂಟೆಗೂ ಹೆಚ್ಚು ಅಂತರ ಬೀಳದ ಹಾಗೆ. ಹಸಿವಿದ್ದರೂ ಸರಿ, ಇಲ್ಲದಿದ್ದರೂ ಸರಿ. ಬೆಂಗಳೂರಿನ ಪಿಜಿಯೊಂದರಲ್ಲಿರುವ ಹುಡುಗಿಗೆ ಇದು ಹೇಗೆ ಕಾಣುತ್ತದೆ ನೋಡಿ: ಎಂಟಕ್ಕೆ ಅಲಾರಂ, ಕ್ಯಾಂಟೀನಿನ ಇಡ್ಲಿ-ಚಟ್ನಿ; ಹನ್ನೊಂದಕ್ಕೆ ಅಲಾರಂ, ಬ್ಯಾಗಿನಲ್ಲಿದ್ದ ಬಾಳೆಹಣ್ಣು ಮತ್ತು ಶೇಂಗಾ ಚಿಕ್ಕಿ; ಒಂದೂವರೆಗೆ ಊಟ; ಐದಕ್ಕೆ ಹಾಲು, ಅವಲಕ್ಕಿ; ಎಂಟೂವರೆಗೆ ಮತ್ತೆ ಊಟ. ಮೊದಮೊದಲು ಇದು ಔಷಧಿ ನುಂಗಿದ ಹಾಗೆ ಯಾಂತ್ರಿಕ. ರುಚಿ ಗೊತ್ತಾಗುವುದಿಲ್ಲ, ಅಳು ಬರುತ್ತದೆ. ತಿಂದ ಮೇಲೆ ಫೋನಿನಲ್ಲಿ ಗೆಳತಿಯ ಹತ್ತಿರ ಅರ್ಧ ಗಂಟೆ ಏನಾದರೂ ಮಾತಾಡಿ ಕಳೆಯಬೇಕಾಗುತ್ತದೆ. ಇದರಲ್ಲಿ ಯಾವುದೂ ಚಿಕಿತ್ಸೆ ಕೆಡುತ್ತಿರುವ ಲಕ್ಷಣವಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. "ನಿಮ್ಮ ದೇಹದ ಮಾತು ಕೇಳಿ" ಎಂಬ ರೀಲ್ಸ್ ಈಗ ಮೊಬೈಲಿನ ತುಂಬ. ಇದರ ಮೂಲದಲ್ಲಿರುವ, ಎವೆಲಿನ್ ಟ್ರಿಬೋಲಿ ಮತ್ತು ಎಲಿಸ್ ರೆಶ್ 1995ರಲ್ಲಿ ಪುಸ್ತಕವಾಗಿ ತಂದ ವಿಚಾರ ಡಯಟಿನ ಹುಚ್ಚಿಗೆ ಒಳ್ಳೆಯ ಮದ್ದೇ ಆಗಿತ್ತು. ಮೂವತ್ತು ಸೆಕೆಂಡಿನ ವಿಡಿಯೋದಲ್ಲಿ ಅದು 'ಮನಸ್ಸಿಲ್ಲದಿದ್ದರೆ ತಿನ್ನಬೇಡಿ' ಎಂದಷ್ಟೇ ಆಗಿ ಉಳಿದಿದೆ. ಚೇತರಿಕೆಯ ಮೊದಲ ತಿಂಗಳುಗಳಲ್ಲಿರುವವರು ಈ ರೀಲ್ಸ್ ನೋಡದಿದ್ದರೇ ವಾಸಿ.

"ಹೊಟ್ಟೆ ಗುರುಗುಟ್ಟಿದರೆ ಮಾತ್ರ ಹಸಿವು"

ಗುರುಗುಟ್ಟುವುದು ಜಠರ ಮತ್ತು ಕರುಳಿನ ಸ್ನಾಯುಗಳು ಗಾಳಿ, ನೀರನ್ನು ಮುಂದೆ ತಳ್ಳುವಾಗ ಆಗುವ ಸದ್ದು. ಹೊಟ್ಟೆ ಖಾಲಿಯಿದ್ದಾಗ ಸುಮಾರು ಒಂದೂವರೆ-ಎರಡು ಗಂಟೆಗೊಮ್ಮೆ ಜೋರಾದ ಸಂಕೋಚನದ ಅಲೆ ಬಂದು ಉಳಿದದ್ದನ್ನು ಗುಡಿಸಿ ಹೋಗುತ್ತದೆ. ಉಂಡ ಮೇಲೂ ಸದ್ದು ಬರುವುದುಂಟು. ಹೀಗಾಗಿ ಸದ್ದಿಲ್ಲ, ಆದ್ದರಿಂದ ಹಸಿವಿಲ್ಲ ಎಂಬ ಲೆಕ್ಕ ಕೂಡುವುದಿಲ್ಲ. ಚೇತರಿಸಿಕೊಳ್ಳುತ್ತಿರುವವರಲ್ಲಿ ಹಸಿವು ಬೇರೆ ವೇಷಗಳಲ್ಲಿ ಮೊದಲು ಬರುತ್ತದೆ. ಕಾರಣವಿಲ್ಲದೆ ಸಿಡುಕು, ತಲೆನೋವು, ಚಳಿ, ಕೈ ನಡುಕ, ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದು. ಎಲ್ಲಕ್ಕಿಂತ ಹೆಚ್ಚಾಗಿ, ತಲೆಯ ತುಂಬ ಊಟದ್ದೇ ಯೋಚನೆ. ಅಡುಗೆಯ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡುತ್ತಾ, ಮನೆಮಂದಿಗೆಲ್ಲ ಬಗೆಬಗೆಯಾಗಿ ಮಾಡಿ ಬಡಿಸಿ, ತಾನು ಮಾತ್ರ ಮುಟ್ಟದ ಮಗಳನ್ನು ಕಂಡು "ಎಷ್ಟು ಆಸಕ್ತಿ ನೋಡಿ" ಎಂದು ನೆಂಟರು ಹೊಗಳುತ್ತಾರೆ. ಅದು ಹಸಿವು.

"ಉಂಡ ಮೇಲೂ ಬೇಕೆನ್ನುವುದು ಬಾಯಿಚಪಲ"

ಚೇತರಿಕೆಯಲ್ಲಿರುವವರನ್ನು ಅತಿ ಹೆಚ್ಚು ಹೆದರಿಸುವುದು ಇದು. ಕೆಲವು ವಾರ ಸರಿಯಾಗಿ ಉಂಡ ಮೇಲೆ, ಇಲ್ಲದ ಹಸಿವು ಇದ್ದಕ್ಕಿದ್ದಂತೆ ಬಂದು ನಿಲ್ಲಬಹುದು. ತಟ್ಟೆ ಖಾಲಿಯಾದರೂ ತೀರದು, ಹೊಟ್ಟೆ ಬಿರಿಯುತ್ತಿದ್ದರೂ ಮನಸ್ಸು ಅಡುಗೆಮನೆಯಲ್ಲೇ. ಆಗ ಮನೆಯಲ್ಲಿ ಯಾರಾದರೂ ತಮಾಷೆಗೆ ಹೊಟ್ಟೆಬಾಕಿ ಅಂದುಬಿಟ್ಟರೆ ತಿಂಗಳ ಶ್ರಮ ನೀರುಪಾಲು.

ಇದಕ್ಕೆ ಉತ್ತರ ಸಿಗುವುದು ಅಮೆರಿಕದ ಒಂದು ಹಳೆಯ ಪ್ರಯೋಗದಲ್ಲಿ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಕಾಲ. ಯುರೋಪಿನಲ್ಲಿ ಹಸಿದು ಬಿದ್ದ ಜನರಿಗೆ ಹೇಗೆ ಉಣಿಸಿ ಉಳಿಸುವುದು ಎಂದು ತಿಳಿಯಲು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 1944ರಲ್ಲಿ 36 ಯುವಕರನ್ನು ಆರಿಸಿಕೊಂಡರು. ಯುದ್ಧದಲ್ಲಿ ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದೆ, ಬದಲಿಗೆ ಈ ಸೇವೆಗೆ ಒಪ್ಪಿದವರು ಅವರು. ದೇಹ, ಮನಸ್ಸು ಎರಡೂ ಗಟ್ಟಿಯಿದ್ದವರನ್ನೇ ನೋಡಿ ಆರಿಸಲಾಗಿತ್ತು. ಆರು ತಿಂಗಳ ಕಾಲ ಅವರ ಊಟವನ್ನು ಸುಮಾರು ಅರ್ಧಕ್ಕೆ ಇಳಿಸಲಾಯಿತು: ಆಲೂಗಡ್ಡೆ, ಟರ್ನಿಪ್, ಬ್ರೆಡ್ಡು, ಮ್ಯಾಕರೋನಿ. ಅಡುಗೆಯ ಗೊಡವೆಗೇ ಹೋಗದಿದ್ದ ಗಂಡಸರು ಪಾಕಪುಸ್ತಕ ಕೂಡಿಡತೊಡಗಿದರು. ತಟ್ಟೆ ನೆಕ್ಕಿದರು, ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು. ಹಸಿವು ಮರೆಯಲು ಕಾಫಿಯ ಮೇಲೆ ಕಾಫಿ ಕುಡಿದು, ಕೊನೆಗೆ ಅದಕ್ಕೂ ಮಿತಿ ಹಾಕಬೇಕಾಯಿತು. ಹುಡುಗಾಟದ ಮಾತು, ಗೆಳೆತನ ಎಲ್ಲ ಬತ್ತಿತು.

ನಮಗೆ ಮುಖ್ಯವಾದದ್ದು ಆಮೇಲಿನ ಭಾಗ. ಊಟ ಮತ್ತೆ ಸಿಗತೊಡಗಿದ ಮೇಲೂ ಹಲವರಿಗೆ ಹಸಿವು ತೀರಲಿಲ್ಲ. ಇನ್ನು ಹಿಡಿಸದು ಎನ್ನುವಷ್ಟು ತಿಂದರೂ ಬೇಕೇ ಬೇಕು ಅನ್ನಿಸುತ್ತಿತ್ತು. ಕೆಲವರಿಗೆ ಇದು ತಿಂಗಳುಗಳ ಕಾಲ ಮುಂದುವರಿಯಿತು. 1950ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚಾದ ಆ ಪ್ರಯೋಗದ ವರದಿಯನ್ನು ತಿನ್ನುವ ಕಾಯಿಲೆಗಳ ವೈದ್ಯರು ಇಂದಿಗೂ ರೋಗಿಗಳ ಮುಂದಿಡುತ್ತಾರೆ. ಆ ಯುವಕರು ಬಾಯಿಚಪಲದವರಾಗಿರಲಿಲ್ಲ, ಅವರಿಗೆ ಮೊದಲೇ ಯಾವ ಕಾಯಿಲೆಯೂ ಇರಲಿಲ್ಲ. ಬರಗಾಲ ಕಂಡ ದೇಹ ತಾನು ಕಳೆದುಕೊಂಡದ್ದನ್ನು ವಸೂಲಿ ಮಾಡುತ್ತಿತ್ತು. ಇಂಥ ದಿನ ಬಂದಾಗ ಮಾಡಬಾರದ ಕೆಲಸ ಒಂದೇ, ಮರುದಿನ ಬೆಳಗಿನ ತಿಂಡಿ ಬಿಟ್ಟು ಸರಿದೂಗಿಸಲು ಹೋಗುವುದು. ಬಿಟ್ಟ ತಿಂಡಿಯೇ ಮುಂದಿನ ರಾತ್ರಿಯ ಮುಗಿಬೀಳುವಿಕೆಗೆ ದಾರಿ.

ಒಂದು ಎಚ್ಚರಿಕೆ ಮಾತ್ರ ಇಲ್ಲಿ ಬೇಕು. ಬಹಳ ದಿನ ಏನೂ ತಿನ್ನದವರು, ತೂಕ ತೀರಾ ಇಳಿದವರು ಮನೆಯಲ್ಲೇ ಒಮ್ಮೆಲೇ ಊಟ ಹೆಚ್ಚಿಸಬಾರದು. ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಹಠಾತ್ತನೆ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಯುದ್ಧ ಮುಗಿದು ಬಿಡುಗಡೆಯಾದ ಉಪವಾಸಪೀಡಿತ ಕೈದಿಗಳು ಉಂಡ ಮೇಲೆ ಸತ್ತದ್ದೂ ಉಂಟು. ಮೊದಲ ದಿನಗಳು ವೈದ್ಯರ ಕಣ್ಣೆದುರಿಗೇ ಆಗಬೇಕು. ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಬಹುದು. ಇದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

"ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು, ಅಷ್ಟೇ ಸಾಕು"

ತುಂಬಿದ್ದು ನಿಜ, ಸಾಕಾಗಿರುವುದು ನಿಜವಲ್ಲ. ಕಡಿಮೆ ತಿಂದು ತಿಂದು ಜಠರ ತನ್ನಲ್ಲಿರುವುದನ್ನು ಮುಂದಕ್ಕೆ ಸಾಗಿಸುವ ವೇಗವೇ ನಿಧಾನವಾಗಿರುತ್ತದೆ. ಬೆಳಗಿನ ಉಪ್ಪಿಟ್ಟು ಮಧ್ಯಾಹ್ನಕ್ಕೂ ಅಲ್ಲೇ ಕೂತಂತೆ ಅನ್ನಿಸುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಕನ್ನಡಿಯಲ್ಲಿ ಅದೇ ಕಾಣುತ್ತದೆ. ನಿಯಮಿತವಾಗಿ ತಿನ್ನುತ್ತಾ ಬಂದರೆ ಸಾಮಾನ್ಯವಾಗಿ ಇದು ಕೆಲವು ವಾರಗಳಲ್ಲಿ ಹದಕ್ಕೆ ಬರುತ್ತದೆ. ಅಲ್ಲಿಯವರೆಗೆ ರಾಶಿ ಕೋಸಂಬರಿ, ಸೊಪ್ಪಿಗಿಂತ ಮೆತ್ತನ್ನ, ಮೊಸರು, ತುಪ್ಪ, ಬೇಯಿಸಿದ ಮೊಟ್ಟೆಯಂಥವು, ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿ ಕೊಡುವಂಥವು, ಅನುಕೂಲ. ಊಟಕ್ಕೆ ಮೊದಲು ದೊಡ್ಡ ಲೋಟ ನೀರು ಕುಡಿಯುವ ಸಲಹೆ ಇವರಿಗಲ್ಲ.

ಸಣಕಲಾದವರಿಗೆ ಮಾತ್ರ ಈ ಕಾಯಿಲೆ ಎಂಬ ನಂಬಿಕೆಯನ್ನು ಒಂದೇ ಮಾತಿನಲ್ಲಿ ಮುಗಿಸಬಹುದು: ದಪ್ಪಗಿರುವವರೂ ಊಟ ಬಿಟ್ಟು ಇದೇ ಸ್ಥಿತಿಗೆ ಬರುತ್ತಾರೆ, ಅವರ ಹಸಿವೂ ಹೀಗೇ ಕೆಡುತ್ತದೆ, ಗಂಡುಮಕ್ಕಳದ್ದೂ ಅಷ್ಟೇ.

"ದೇವರ ಹೆಸರಲ್ಲಿ ಒಂದು ದಿನ ಉಪವಾಸ ಮಾಡಿದರೆ ಏನೂ ಆಗಲ್ಲ"

ಏಕಾದಶಿ, ಶಿವರಾತ್ರಿ, ಶ್ರಾವಣ ಶನಿವಾರ, ರಂಜಾನ್. ಉಪವಾಸವೆಂದರೆ ನಮ್ಮಲ್ಲಿ ಗೌರವ. ಅದೇ ತೊಡಕು. ವ್ರತದ ದಿನ ಊಟ ಬಿಟ್ಟರೆ ಯಾರೂ ಕೇಳುವುದಿಲ್ಲ, ಬದಲಿಗೆ ಮೆಚ್ಚುತ್ತಾರೆ. ಕಾಯಿಲೆಗೆ ಇದಕ್ಕಿಂತ ಸುರಕ್ಷಿತವಾದ ಮರೆ ಬೇಕಿಲ್ಲ. ಒಂದು ಶನಿವಾರ ಎರಡಾಗಿ, ಸೋಮವಾರವೂ ಸೇರಿ, ಕಷ್ಟಪಟ್ಟು ಹಳಿಗೆ ಬಂದ ಹಸಿವು ಮತ್ತೆ ಮೌನವಾಗುತ್ತದೆ. ಕಾಯಿಲೆಯವರಿಗೆ, ಮಕ್ಕಳಿಗೆ, ಮುದುಕರಿಗೆ ವ್ರತದಲ್ಲಿ ವಿನಾಯಿತಿ ಉಂಟೆಂಬುದನ್ನು ನಮ್ಮ ಶಾಸ್ತ್ರಗಳೂ ಹೇಳುತ್ತವೆ. ಕಾಯಿಲೆಯಿದ್ದವರಿಗೆ ರೋಜಾ ಕಡ್ಡಾಯವಲ್ಲವೆಂದು ಕುರಾನಿನಲ್ಲೂ ಇದೆ. ಮನೆಯಲ್ಲಿ ಅಜ್ಜಿಯೇ "ನೀನು ನೈವೇದ್ಯ ಮಾಡು, ಪ್ರಸಾದ ತಿನ್ನು, ನಿನ್ನ ಪಾಲಿನ ಉಪವಾಸ ನಾನು ಮಾಡ್ತೀನಿ ಮಗಾ" ಎಂದರೆ ವೈದ್ಯರ ಹತ್ತು ಮಾತಿಗಿಂತ ಹೆಚ್ಚು ಕೆಲಸ ಆಗುತ್ತದೆ.

ಹಸಿವು ಮರಳುವುದು ಯಾವಾಗ ಎಂದರೆ ದಿನ ಗೊತ್ತುಮಾಡಿ ಹೇಳಲಾಗದು. ಕೆಲವರಿಗೆ ವಾರಗಳು, ಹಲವರಿಗೆ ತಿಂಗಳುಗಳು. ಅದೂ ಒಂದೇ ಸಮ ಬರುವುದಿಲ್ಲ. ಬೆಳಗ್ಗೆ ಎದ್ದೊಡನೆ ಹೊಟ್ಟೆ ಚುರುಗುಟ್ಟಿ, ಮಧ್ಯಾಹ್ನ ಏನೂ ಇರದಿರಬಹುದು. ಪರೀಕ್ಷೆಯ ವಾರ ಪೂರ್ತಿ ಮಾಯವಾಗಬಹುದು. ಮುಟ್ಟಿನ ಮುಂಚಿನ ದಿನಗಳಲ್ಲಿ ದುಪ್ಪಟ್ಟಾಗಬಹುದು. ಊಟದ ಹೊತ್ತಿಗೆ ಸರಿಯಾಗಿ ಹಸಿವಾಗುವುದು ಹಲವು ವಾರ ನಿಂತ ಮೇಲೆ, ಆಹಾರತಜ್ಞರ ಜೊತೆ ಮಾತಾಡಿಕೊಂಡು, ಅಲಾರಂ ಒಂದನ್ನು ಮಾತ್ರ ತೆಗೆದು ನೋಡುವುದು ರೂಢಿ. ಸಾಮಾನ್ಯವಾಗಿ ಸಂಜೆಯ ತಿಂಡಿಯದ್ದು, ಏಕೆಂದರೆ ಅದರ ಹಿಂದೆಮುಂದೆ ಎರಡು ಊಟಗಳ ಆಸರೆ ಇರುತ್ತದೆ. ಆ ವಾರ ಸಂಜೆಯ ಅವಲಕ್ಕಿ ತಾನಾಗಿ ನೆನಪಾದರೆ ಸರಿ. ಎರಡು ದಿನ ಹಾಗೇ ತಪ್ಪಿಹೋದದ್ದು ಕಂಡರೆ ಐದು ಗಂಟೆಯ ಅಲಾರಂ ಮತ್ತೆ ಇಟ್ಟುಕೊಂಡು, ಇನ್ನೊಂದು ತಿಂಗಳು ಬಿಟ್ಟು ಪ್ರಯತ್ನಿಸುವುದು.