ಸೈಕಲ್ ಪೆಡಲ್ ಥ್ರೆಡ್ ಹೋಯ್ತಾ? ವೆಲ್ಡಿಂಗ್ ಅಂಗಡಿಗೆ ಹೋಗೋ ಮುಂಚೆ ಇದನ್ನ ಓದಿ

ಮನೇಲಿ ಬೈಕ್ ಇದ್ದರೂ ನಮ್ಮಲ್ಲಿ ಡೇರಿಗೆ ಹಾಲು ಹೋಗೋದು ಸೈಕಲ್ಲಲ್ಲೇ. ನಾನು ಎಂಟನೇ ಕ್ಲಾಸಲ್ಲಿದ್ದಾಗ ಸ್ಕೂಲಲ್ಲಿ ಕೊಟ್ಟ ಸೈಕಲ್ ಅದು. ಆಗ ಕ್ಯಾರಿಯರ್ ಮೇಲೆ ಪುಸ್ತಕದ ಬ್ಯಾಗ್ ಇರ್ತಿತ್ತು, ಈಗ ಬೆಳಿಗ್ಗೆ ಹಾಲಿನ ಕ್ಯಾನು, ಸಂಜೆ ಹುಲ್ಲಿನ ಹೊರೆ. ನಿಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಇದೇ ಕಥೆ ಇರುತ್ತೆ.

ಹೋದ ಮಳೆಗಾಲದಲ್ಲಿ ಪೆಡಲ್ ಅಲ್ಲಾಡ್ತಿದೆ ಅಂತ ಅಪ್ಪ ಎರಡು ಮೂರು ಸಲ ಹೇಳಿದ್ರು. ಕೊನೆಗೆ ಸಂತೆಯಿಂದ ಹೊಸ ಜೋಡಿ ಪೆಡಲ್ ತಂದು ಕತ್ತಲಾಗೋ ಹೊತ್ತಲ್ಲಿ ಹಾಕೋಕೆ ಕೂತೆ. ಎಡಗಡೆದು ಸೀದಾ ಕೂರಲಿಲ್ಲ. ಬಲ ಹಾಕಿದೆ, ಆಗಲಿಲ್ಲ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ತಿರುಗಿಸಿದೆ, ಒಳಗೆ ಹೋಯ್ತು. ಭಾರೀ ಬಿಗಿಯಾಗಿದೆ ಅಂತ ಖುಷಿಯೂ ಆಯ್ತು! ಮೂರನೇ ದಿನ ಡೇರಿ ಹತ್ತಿರದ ದಿಬ್ಬದಲ್ಲಿ ಅಪ್ಪ ಎದ್ದು ನಿಂತು ತುಳಿದಾಗ ಪೆಡಲ್ ಕಿತ್ತು ಬಂತು. ಕ್ಯಾನಿನ ಹಾಲೆಲ್ಲ ರಸ್ತೆ ಪಾಲಾಯ್ತು. ಅಪ್ಪನ ಮಣಿಕಟ್ಟು ಊದಿಕೊಂಡು ಮೂರು ವಾರ ಅಮ್ಮ ಒಬ್ಬರೇ ಹಾಲು ಕರೆದರು. ಅಪ್ಪ ನನ್ನ ಬೈಲಿಲ್ಲ. ಬೈದಿದ್ದರೇ ಚೆನ್ನಾಗಿರ್ತಿತ್ತು.

ಪೇಟೆಯ ಸೈಕಲ್ ಶಾಪಿನ ಯಜಮಾನರು ಕ್ರ್ಯಾಂಕಿನ ತೂತಿಗೆ ಟಾರ್ಚ್ ಬಿಟ್ಟು ನೋಡಿ, "ಇದು ಸವೆದಿದ್ದಲ್ಲ ಕಣಪ್ಪ, ಯಾರೋ ಬಲಗಡೆ ಪೆಡಲನ್ನ ಎಡಗಡೆಗೆ ತುರುಕಿದ್ದಾರೆ" ಅಂದರು. ಆ ಯಾರೋ ನಾನೇ ಅಂತ ಹೇಳೋಕೆ ಐದು ನಿಮಿಷ ಬೇಕಾಯ್ತು.

ಅವತ್ತು ಗೊತ್ತಾಗಿದ್ದು ಇಷ್ಟು. ಥ್ರೆಡ್ ಅಂದರೆ ಬೋಲ್ಟು, ನಟ್ಟಿನ ಸುರುಳಿ ಗೆರೆ. ಕೆಲವು ಕಡೆ ಮರೆ ಅಂತಾರೆ, ಕೆಲವು ಕಡೆ ಚೂಡಿ. ಸೈಕಲ್ಲಿನ ಬಲಗಡೆ ಪೆಡಲಿಗೆ ಮಾಮೂಲಿ ಥ್ರೆಡ್ ಇರುತ್ತೆ, ಎಡಗಡೆದಕ್ಕೆ ಉಲ್ಟಾ ಥ್ರೆಡ್. ತುಳಿಯುವಾಗ ಕಾಲಿನ ಭಾರ ಪೆಡಲಿನ ಶಾಫ್ಟನ್ನ ತೂತಿನೊಳಗೆ ಸ್ವಲ್ಪ ಸ್ವಲ್ಪವೇ ಉರುಳಿಸ್ತಾ ಇರುತ್ತೆ. ಎಡಗಡೆಗೂ ಮಾಮೂಲಿ ಥ್ರೆಡ್ ಇದ್ದಿದ್ದರೆ ಅದು ತಾನೇ ಬಿಚ್ಚಿಕೊಂಡು ಬರ್ತಿತ್ತು, ಅದಕ್ಕೇ ಉಲ್ಟಾ. ಶಾಫ್ಟಿನ ಮೇಲೆ ಎಲ್, ಆರ್ ಅಂತ ಅಚ್ಚು ಹೊಡೆದಿರ್ತಾರೆ, ಎಲ್ ಅಂದರೆ ಎಡ. ಕಾಣದಿದ್ದರೆ ಮೊಬೈಲಲ್ಲಿ ಫೋಟೋ ತೆಗೆದು ಝೂಮ್ ಮಾಡಿ. ಯಾವ ಕಡೆ ತಿರುಗಿಸಬೇಕು ಅನ್ನೋದು ಮರೆತು ಹೋದರೆ ಒಂದು ಗುರುತು ಇಟ್ಕೊಳ್ಳಿ: ಸ್ಪ್ಯಾನರನ್ನ ಮೇಲ್ಮುಖವಾಗಿ ಹಿಡಿದು ಮುಂದಿನ ಚಕ್ರದ ಕಡೆ ಎಳೆದರೆ ಎರಡೂ ಪೆಡಲ್ ಬಿಗಿಯಾಗುತ್ತೆ, ಹಿಂದಿನ ಚಕ್ರದ ಕಡೆ ಎಳೆದರೆ ಸಡಿಲ. ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ಹೋಗಬೇಕು. ಬೆರಳಲ್ಲಿ ಹೋಗದಿದ್ದರೆ ಸ್ಪ್ಯಾನರ್ ಮುಟ್ಟಲೇಬೇಡಿ.

ಈಗ ಥ್ರೆಡ್ ಕೆಟ್ಟಿದೆ ಅಂದ್ಕೊಳ್ಳಿ. ಮೊದಲು ಹಳೇ ಹಲ್ಲುಜ್ಜೋ ಬ್ರಷ್ಷಿಗೆ ಸೀಮೆಎಣ್ಣೆ ಇಲ್ಲಾ ಡೀಸೆಲ್ ಹಾಕಿ ತೂತನ್ನ ಉಜ್ಜಿ. ಎಷ್ಟೋ ಸಲ ಕೆಟ್ಟಿರೋದು ಥ್ರೆಡ್ ಅಲ್ಲ, ಮಣ್ಣು ತುಂಬಿರುತ್ತೆ ಅಷ್ಟೇ. ಆಮೇಲೆ ಟಾರ್ಚಲ್ಲಿ ನೋಡಿ. ಹೊರಗಡೆ ಬಾಯಲ್ಲಿ ಒಂದೆರಡು ಗೆರೆ ಮಾತ್ರ ನುಜ್ಜಾಗಿ ಒಳಗಿನವು ಚೆನ್ನಾಗಿದ್ದರೆ ಕ್ರ್ಯಾಂಕ್ ಉಳಿಯುತ್ತೆ. ಅದನ್ನ ಬಿಚ್ಚಿ, ಅದೇ ಕಡೆಯ ಪೆಡಲನ್ನ ತೂತಿನ ಹಿಂಬದಿಯಿಂದ, ಅಂದರೆ ಫ್ರೇಮ್ ಕಡೆ ಮುಖದಿಂದ, ಎಣ್ಣೆ ಹಚ್ಚಿ ನಿಧಾನ ಹತ್ತಿಸಿ. ಆ ಬದಿಯ ಗೆರೆ ಕೆಟ್ಟಿರಲ್ಲ, ಹಾಗಾಗಿ ಶಾಫ್ಟ್ ಸೀದಾ ದಾರಿ ಹಿಡಿದು ಬಂದು ಹೊರಬಾಯಿಯ ನುಜ್ಜನ್ನ ಸರಿ ಮಾಡುತ್ತೆ. ಇದಕ್ಕಿಂತ ಒಳ್ಳೇದು ಟ್ಯಾಪ್ ಹಾಕಿಸೋದು. ಎಡಗಡೆಗೆ ಉಲ್ಟಾ ಟ್ಯಾಪೇ ಬೇಕು. ಮಾಮೂಲಿ ಟ್ಯಾಪ್ ಹಾಕಿದರೆ ಉಳಿದಿದ್ದ ಗೆರೆಯೂ ಹೋಗುತ್ತೆ.

ಗೆರೆಯೆಲ್ಲ ಬೋಳಾಗಿ, ತೂತು ಮೊಟ್ಟೆ ಆಕಾರಕ್ಕೆ ಬಂದಿದ್ದರೆ ರಿಪೇರಿ ಯೋಚನೆ ಬಿಡಿ. ಒಂದು ಕಡೆಯ ಕ್ರ್ಯಾಂಕ್ ಬಿಡಿಯಾಗಿ ಸಿಗುತ್ತೆ, ಪೂರ್ತಿ ಸೆಟ್ ತಗೋಬೇಕಾಗಿಲ್ಲ. ದುಬಾರಿ ಗೇರ್ ಸೈಕಲ್ಲಿನ ಅಲ್ಯೂಮಿನಿಯಂ ಕ್ರ್ಯಾಂಕ್ ಆದರೆ ತೂತು ದೊಡ್ಡದು ಮಾಡಿ ಸ್ಟೀಲ್ ಬುಷ್ ಕೂರಿಸಬಹುದು, ಅದು ಅಳತೆ ಗೊತ್ತಿರೋ ಲೇತ್‌ನವರ ಕೆಲಸ. ನಮ್ಮ ಹಾಲಿನ ಸೈಕಲ್ಲಿಗೆ ಆ ಖರ್ಚು ದಂಡ.

ವೆಲ್ಡಿಂಗ್ ವಿಷಯಕ್ಕೆ ಬರ್ತೀನಿ, ಯಾಕಂದರೆ ಊರಲ್ಲಿ ಎಲ್ಲರೂ ಕೊಡೋ ಸಲಹೆ ಅದೇ: "ಒಂದು ಚುಕ್ಕೆ ವೆಲ್ಡಿಂಗ್ ಹೊಡ್ಸು, ಜನ್ಮದಲ್ಲಿ ಬರಲ್ಲ." ನನಗೆ ಇದು ಒಪ್ಪಿಗೆ ಇಲ್ಲ. ಬಿಸಿಗೆ ಪೆಡಲಿನ ಗ್ರೀಸ್ ಕರಗಿ ಹೋಗುತ್ತೆ, ಗಟ್ಟಿ ಮಾಡಿರೋ ಬಾಲ್, ಕೋನ್ ಮೆತ್ತಗಾಗುತ್ತೆ. ಪೆಡಲ್ ಬಿಗಿಯಾದಾಗ ಬಿಚ್ಚೋ ಹಾಗೂ ಇಲ್ಲ, ಕ್ರ್ಯಾಂಕ್ ಸಮೇತ ಎಸೀಬೇಕು. ಚುಕ್ಕೆ ಬಿಡೋದಂತೂ ನೀವು ಪೂರ್ತಿ ಭಾರ ಹಾಕಿ ದಿಬ್ಬ ಹತ್ತುವಾಗಲೇ. ಅಲ್ಯೂಮಿನಿಯಂ ಕ್ರ್ಯಾಂಕಿಗೆ ಗ್ರಿಲ್ ಅಂಗಡಿಯ ಮಾಮೂಲಿ ರಾಡ್ ಹಿಡಿಯೋದೇ ಇಲ್ಲ.

ಕ್ರ್ಯಾಂಕ್ ಬಿಚ್ಚುವಾಗ ಇನ್ನೊಂದು ಥ್ರೆಡ್ ಹಾಳಾಗುತ್ತೆ, ಕಾಟರ್ ಪಿನ್ನಿಂದು. ಎಲ್ಲರೂ ನಟ್ ತೆಗೆದು ಥ್ರೆಡ್ ತುದಿಗೇ ಸುತ್ತಿಗೆ ಹೊಡೀತಾರೆ, ಪಿನ್ ಬಗ್ಗುತ್ತೆ. ನಟ್ಟನ್ನ ಪಿನ್ನಿನ ತುದಿಗೆ ಸಮ ಬರೋವರೆಗೆ ಮಾತ್ರ ಸಡಿಲಿಸಿ, ಕ್ರ್ಯಾಂಕಿನ ಕೆಳಗೆ ದಪ್ಪ ಪೈಪಿನ ತುಂಡು ಆನಿಸಿ, ಆಮೇಲೆ ಹೊಡೀರಿ. ಕೂರಿಸುವಾಗ ಪಿನ್ನನ್ನ ಸುತ್ತಿಗೆಯಿಂದ ಕೂರಿಸಿ, ನಟ್ಟಿಂದ ಎಳೆದು ಕೂರಿಸಬೇಡಿ. ನಟ್ ಇರೋದು ಪಿನ್ ಹಿಂದಕ್ಕೆ ಬರದ ಹಾಗೆ ತಡೆಯೋಕೆ ಅಷ್ಟೇ. ಕೆಟ್ಟ ಪಿನ್ನಿಗೆ ರಿಪೇರಿ ಬೇಡ. ಹಳೇದನ್ನ ಅಂಗಡಿಗೆ ಒಯ್ದು ಅದೇ ದಪ್ಪದ್ದು ತನ್ನಿ, ಟೀ ಕುಡಿದಷ್ಟು ದುಡ್ಡೂ ಆಗಲ್ಲ.

ಚಕ್ರದ ಆಕ್ಸೆಲ್‌ನಲ್ಲಿ ಮೋಸ ಬೇರೆ ಥರ. ಹಿಂದಿನ ಆಕ್ಸೆಲ್ ಹಳೇ ಅಳತೆಯದು 3/8 ಇಂಚು, ಅಂದರೆ ಒಂಬತ್ತೂವರೆ ಮಿಲಿಮೀಟರ್ ಚಿಲ್ಲರೆ. ಹೊಸ ಅಳತೆಯದು 10 ಮಿಲಿಮೀಟರ್. ಎರಡರ ಗೆರೆಗಳ ಅಂತರ ಹೆಚ್ಚುಕಮ್ಮಿ ಒಂದೇ. ಹಾಗಾಗಿ 10ರ ನಟ್ಟು 3/8ರ ಆಕ್ಸೆಲ್ ಮೇಲೆ ಸಲೀಸಾಗಿ ಹೋಗುತ್ತೆ, ಬಿಗಿ ಮಾಡಿದಾಗ ಜಾರುತ್ತೆ, ಇಲ್ಲಾ ಭಾರ ಬಿದ್ದ ದಿನ ಜಾರುತ್ತೆ. ನಟ್ಟು ಬೆರಳಲ್ಲಿ ಲೊಡಲೊಡ ಅಂದರೆ ಅದು ಆ ಆಕ್ಸೆಲ್ಲಿನದಲ್ಲ. ಆಕ್ಸೆಲ್ ಥ್ರೆಡ್ ಕೆಟ್ಟಿದ್ದರೆ, ಅದರಲ್ಲೂ ಮುಂದಿನ ಚಕ್ರದ್ದು, ಡೈ ಹಾಕಿಸಿ ಮುಂದೂಡಬೇಡಿ. ಆಕ್ಸೆಲ್, ನಟ್ಟು ಎರಡನ್ನೂ ಜೊತೆಗೇ ಹೊಸದು ಹಾಕಿ.

ನಮ್ಮ ಸೈಕಲ್ಲಿಗೆ ಹೊಸ ಎಡ ಕ್ರ್ಯಾಂಕ್, ಒಂದು ಕಾಟರ್ ಪಿನ್ ಬೇಕಾಯ್ತು. ನಾನು ತುರುಕಿದ್ದ ಪೆಡಲಿನ ಥ್ರೆಡ್ಡೂ ಹಾಳಾಗಿತ್ತು, ಹಾಗಾಗಿ ಮತ್ತೊಂದು ಜೋಡಿ ಪೆಡಲ್. ಈ ಸಲ ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಹಾಕಿದೆ, ಇಲ್ಲಾಂದ್ರೆ ಮಳೆಗೆ ತುಕ್ಕು ಹಿಡಿದು ಮುಂದಿನ ಸಲ ಬಿಚ್ಚೋಕೇ ಆಗಲ್ಲ. ಹೊಸ ಪಿನ್ ಓಡಾಡಿದ ಮೇಲೆ ಸ್ವಲ್ಪ ಕೂರುತ್ತೆ, ಅದಕ್ಕೆ ನಾಲ್ಕು ದಿನ ಬಿಟ್ಟು ಅದನ್ನೂ ಪೆಡಲನ್ನೂ ಮತ್ತೊಂದು ಸಲ ಬಿಗಿ ಮಾಡಿದೆ. ಅಪ್ಪ ಈಗ ಕ್ಯಾನ್ ಕಟ್ಟೋ ಮುಂಚೆ ಎರಡೂ ಪೆಡಲ್ ಹಿಡಿದು ಅಲ್ಲಾಡಿಸಿ ನೋಡ್ತಾರೆ, ಆಮೇಲೆ ನನ್ನ ಮುಖ ನೋಡ್ತಾರೆ.